ಮಧ್ಯಾಹ್ನ ಒಂದಕ್ಕೆ ಬೆಳಗಾಗುವ ಮನೆ

ನಮ್ಮ ದೊಡ್ಡಮ್ಮನಿಗೆ ಸಿಂಗಪುರದಲ್ಲಿ ಎಷ್ಟು ಎಂಆರ್‌ಟಿ ರೈಲಿನ ಲೈನುಗಳಿವೆ ಎಂದು ಕೇಳಿ, ಗೊತ್ತಿಲ್ಲ. ತಾನು ಉಳಿದುಕೊಂಡಿರುವ ಬ್ಲಾಕಿನ ನಂಬರು ಕೇಳಿ, ಅದೂ ಗೊತ್ತಿಲ್ಲ. ಆದರೆ ಲುಸಾಕಾದ ಸಂತೆಯಲ್ಲಿ ಈ ಹೊತ್ತು ಟೊಮೆಟೊ ಏನು ರೇಟು, ಹರಾರೆಯ ಪೆಟ್ರೋಲ್ ಬಂಕಿನ ಕ್ಯೂ ಯಾವ ತಿರುವಿನವರೆಗೆ ಬಂದಿದೆ, ನೈರೋಬಿಯಲ್ಲಿ ಮಳೆ ಬಂದು ಯಾವ ರಸ್ತೆ ಕೆರೆಯಾಗಿದೆ, ಇವನ್ನು ಕೇಳಿ ನೋಡಿ! ಕೇಳಬೇಕಾಗಿಯೂ ಇಲ್ಲ. ಸುಮ್ಮನೆ ಎದುರಿಗೆ ಕೂತರೆ ಸಾಕು, ಅವಳೇ ಹೇಳುತ್ತಾಳೆ.

ಅವಳು ನನ್ನ ಅಮ್ಮನ ಅಕ್ಕ. ಮದುವೆಯಾದ ಹೊಸದರಲ್ಲಿ ದೊಡ್ಡಪ್ಪನಿಗೆ ಜಿಂಬಾಬ್ವೆಯಲ್ಲಿ ಮೇಷ್ಟ್ರ ಕೆಲಸ ಸಿಕ್ಕಿ, ಇಬ್ಬರೂ ತುಮಕೂರಿನಿಂದ ಮಸ್ವಿಂಗೊ ಎಂಬ ಊರಿಗೆ ಹೋದರು. ಅಲ್ಲಿನ ಹೈಸ್ಕೂಲಿನಲ್ಲಿ ಅವರು ಗಣಿತ, ಇವಳು ವಿಜ್ಞಾನ. ಸ್ವಂತ ಮಕ್ಕಳಾಗಲಿಲ್ಲ, ಊರ ಮಕ್ಕಳಿಗೆಲ್ಲ ಪಾಠ ಹೇಳಿ ರಿಟೈರಾದ ಮೇಲೆ ತುಮಕೂರಿಗೆ ವಾಪಸ್ಸಾದರು. ವಾಪಸ್ಸಾದರು ಅಂದರೆ, ದೊಡ್ಡಪ್ಪ ವಾಪಸ್ಸಾದರು, ಸಾಮಾನು ವಾಪಸ್ಸಾಯಿತು. ದೊಡ್ಡಮ್ಮ ಇನ್ನೂ ದಾರಿಯಲ್ಲಿದ್ದಾಳೆ.

ಇಂಥವಳು ಸೆರಂಗೂನಿನ ನಮ್ಮ ಫ್ಲ್ಯಾಟಿಗೆ ಬಂದದ್ದು ನನ್ನ ಸಲುವಾಗಿ. ಮೂವತ್ತೆಂಟನೆಯ ವಯಸ್ಸಿನಲ್ಲಿ ನಾನು ಬಸುರಿಯಾಗಿದ್ದೆ. ಹಿಂದೆ ಎರಡು ಸಲ ಬಸಿರು ನಿಂತಿರಲಿಲ್ಲ. ಈ ಸಲ ಡಾಕ್ಟರು ಮೊದಲೇ ಹೇಳಿಬಿಟ್ಟರು, ಹಾಸಿಗೆ ಬಿಟ್ಟು ಏಳಕೂಡದು ಎಂದು. ಅಮ್ಮ ಹೋಗಿ ವರ್ಷಗಳಾಗಿದ್ದವು. ಗಂಡನಿಗೆ ಬ್ಯಾಂಕೊಂದರ ಸಾಫ್ಟ್‌ವೇರ್ ಕೆಲಸ, ಬೆಳಗ್ಗೆ ಹೋದರೆ ಕತ್ತಲಾದ ಮೇಲೇ ಮನೆ. ದೊಡ್ಡಪ್ಪ ತೀರಿಕೊಂಡು ಒಬ್ಬಳೇ ಇದ್ದ ದೊಡ್ಡಮ್ಮನಿಗೆ ಅವನು ಫೋನ್ ಮಾಡಿ ಪೀಠಿಕೆ ಹಾಕುತ್ತಿದ್ದಾಗಲೇ ಅವಳು, "ಟಿಕೆಟ್ ಬುಕ್ ಮಾಡಪ್ಪ" ಎಂದಳಂತೆ. ರಾಗಿಹಿಟ್ಟು, ಹುರುಳಿಕಾಳು ಮತ್ತು ಒಂದಿಡೀ ಖಂಡ, ಇಷ್ಟನ್ನು ಕಟ್ಟಿಕೊಂಡು ಬಂದಿಳಿದಳು.

ಮೊದಲು ಅವಳ ಒಂದು ಶಾಸ್ತ್ರದ ವಿಷಯ ಹೇಳಿಬಿಡಬೇಕು. ಮಸ್ವಿಂಗೊ ಕಡೆ ಬೆಳಗ್ಗೆ ಯಾರು ಎದುರಾದರೂ ಮೊದಲ ಮಾತು "ಹೇಗೆ ಮಲಗಿದ್ರಿ?" ಅದಕ್ಕೆ ಉತ್ತರ, "ನೀವು ಚೆನ್ನಾಗಿ ಮಲಗಿದ್ದರೆ ನಾನೂ ಚೆನ್ನಾಗಿ ಮಲಗಿದೆ." ಆಮೇಲೆ ಮನೆ, ಮಕ್ಕಳು, ಮಳೆ, ದನಕರು. ಇಷ್ಟೆಲ್ಲ ಮುಗಿದ ಮೇಲೆ ಬಂದ ವಿಷಯ. ಮನೆಗೆ ಬೆಂಕಿ ಬಿದ್ದಿದ್ದರೂ ಬೆಂಕಿಯ ಸುದ್ದಿ ದನಕರುಗಳ ನಂತರವೇ! ಅಲ್ಲಿ ಅದು ಮರ್ಯಾದೆ, ಒಪ್ಪೋಣ. ಆದರೆ ಲಿಫ್ಟಿನ ಬಾಗಿಲು ತಾನಾಗಿ ಮುಚ್ಚುವವರೆಗೂ ಕಾಯದೆ ಗುಂಡಿ ಒತ್ತುವ ಸಿಂಗಪುರದಲ್ಲಿ?

ಬಂದ ಮಾರನೆಯ ದಿನವೇ ನನ್ನ ಗಂಡ ಅವಳನ್ನು ತಿಂಡಿ ಅಂಗಡಿಗಳ ಸಾಲಿರುವ ಹಾಕರ್ ಸೆಂಟರಿಗೆ ಕಾಫಿ ಕೊಡಿಸಲು ಕರೆದುಕೊಂಡು ಹೋದ. ಆಫೀಸಿಗೆ ಓಡುವವರ ಹೊತ್ತು, ಉದ್ದ ಕ್ಯೂ. ಇವಳ ಸರದಿ ಬಂತು. ಕಾಫಿ ಅಂಗಡಿಯ ಚೀನೀ ಅಂಕಲ್ ತಲೆಯೆತ್ತದೆ, "ಕೋಪಿ? ತೇ?" ಎಂದ.

"ಗುಡ್ ಮಾರ್ನಿಂಗ್. ಹೌ ಡಿಡ್ ಯೂ ಸ್ಲೀಪ್?"

ಅಂಕಲ್ ತಲೆಯೆತ್ತಿದ. ಅಷ್ಟು ವರ್ಷಗಳ ವ್ಯಾಪಾರದಲ್ಲಿ ಈ ಆರ್ಡರ್ ಅವನಿಗೆ ಬಂದಿರಲಿಲ್ಲ. "ಸ್ಲೀಪ್? ಸ್ಲೀಪ್ ಓಕೆ ಲಾ" ಎಂದ. ಇವಳು ಮಕ್ಕಳ ವಿಚಾರಕ್ಕೆ ಬಂದಳು. ಹಿಂದಿದ್ದ ಆಫೀಸಿನ ಹುಡುಗಿ ತಡೆಯಲಾರದೆ, "ಆಂಟಿ, ಕ್ಯಾನ್ ಫಾಸ್ಟರ್ ಆರ್ ನಾಟ್?" ಎಂದಳು. ದೊಡ್ಡಮ್ಮ ತಿರುಗಿ, ನೀನು ಹೇಗೆ ಮಲಗಿದ್ದೆಯಮ್ಮ ಎಂದು ಅವಳನ್ನೂ ಕೇಳಿದಳು! ಹುಡುಗಿಗೆ ನಿದ್ದೆ ಬಂದಿರಲಿಲ್ಲವಂತೆ. ಬಾಸ್ ಸರಿಯಿಲ್ಲವಂತೆ. ಮನೆಗೆ ಕಟ್ಟಿಸಿಕೊಂಡು ಬಂದ ಕಾಫಿ ಪೂರ್ತಿ ತಣ್ಣಗಾಗಿತ್ತು, ಬಾಸಿನ ವಿಷಯ ಮಾತ್ರ ಬಿಸಿಬಿಸಿಯಾಗಿತ್ತು. ವಾರ ಕಳೆಯುವಷ್ಟರಲ್ಲಿ ಕಾಫಿ ಅಂಕಲ್ ತಾನೇ ಮುಂದಾಗಿ, "ನಾಟ್ ಗುಡ್, ಆಂಟಿ, ನೀ ಪೇನ್" ಎಂದು ಮಂಡಿ ತೋರಿಸತೊಡಗಿದ. ಊರಿಗೇ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ ಅನ್ನುತ್ತಾರಲ್ಲ, ನಮ್ಮಲ್ಲಿ ಎಡವಟ್ಟಿನ ದಾರಿಗೆ ಊರೇ ಬಂದು ಸೇರಿಕೊಂಡಿತು.

ಇನ್ನು ವಾರ್ತಾ ಪ್ರಸಾರ. ಹರಾರೆಗಿಂತ ಸಿಂಗಪುರ ಆರು ಗಂಟೆ ಮುಂದೆ. ನಮ್ಮಲ್ಲಿ ಮಧ್ಯಾಹ್ನ ಒಂದಾದಾಗ ಅಲ್ಲಿ ಬೆಳಗಿನ ಏಳು. ಹಾಗಾಗಿ ನಮ್ಮ ಮನೆಯಲ್ಲಿ ಬೆಳಗಾಗುತ್ತಿದ್ದದ್ದೇ ಸಾರನ್ನ ಬಡಿಸುವ ಹೊತ್ತಿಗೆ. ಸೌಟು ಹಿಡಿದುಕೊಂಡೇ ದೊಡ್ಡಮ್ಮ ಫೋನಿಗೆ "ಗುಡ್ ಮಾರ್ನಿಂಗ್" ಹೇಳುತ್ತಿದ್ದಳು. ಆ ಕಡೆ ಅವಳ ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪು. ಊರಲ್ಲಿ ಕೆಲಸ ಸಿಗದೆ ಖಂಡದ ತುಂಬ ಚೆದುರಿಹೋದವರು ಅವರು. ಅವರಲ್ಲಿ ಇಬ್ಬರು ನನಗೆ ನೆಂಟರಷ್ಟೇ ಪರಿಚಯವಾಗಿಬಿಟ್ಟರು. ಬೋಟ್ಸ್‌ವಾನಾದಲ್ಲಿ ನರ್ಸ್ ಆಗಿರುವ ರುಡೋ ಒಬ್ಬಳು. ಡರ್ಬನ್ನಿನಿಂದ ಕಾಂಗೋದವರೆಗೆ ಲಾರಿ ಓಡಿಸುವ ಟೆಂಡಾಯಿ ಇನ್ನೊಬ್ಬ. ಟೆಂಡಾಯಿಯ ಲಾರಿ ನಿಂತಲ್ಲೆಲ್ಲ ದೊಡ್ಡಮ್ಮನಿಗೆ ಟೊಮೆಟೊ ರೇಟು ಬರುತ್ತಿತ್ತು.

ಒಂದು ದಿನ ಅವನ ವಾಯ್ಸ್ ನೋಟ್ ಬಂತು. ಇಂಗ್ಲಿಷಿನ ಜೊತೆ ಅವರ ಭಾಷೆ ಬೆರೆತಿತ್ತು, ದೊಡ್ಡಮ್ಮ ಅಲ್ಲಲ್ಲೇ ಕನ್ನಡ ಮಾಡಿದಳು. ಮೇಡಂ ಹೇಗೆ ಮಲಗಿದ್ರಿ, ಮನೆ ಹೇಗಿದೆ, ಸಿಂಗಪುರದಲ್ಲಿ ಮಳೆ ಹೇಗಿದೆ... ಊಟ ಮುಗಿಯುತ್ತ ಬಂತು, ವಿಷಯ ಬರಲಿಲ್ಲ. ಮಜ್ಜಿಗೆಯ ಹೊತ್ತಿಗೆ ಬಂತು: ಎರಡು ದೇಶಗಳ ಗಡಿಯಲ್ಲಿ ಲಾರಿ ನಿಂತುಬಿಟ್ಟಿದೆ, ಕಾಗದ ನೋಡುವ ಆಫೀಸರು ಊಟಕ್ಕೆ ಹೋದವನು ಬಂದಿಲ್ಲ.

"ಬೆಳಗ್ಗೆ ಏಳಕ್ಕೆ ಎಂಥ ಊಟ ದೊಡ್ಡಮ್ಮ?"

"ನಿನ್ನೆ ಮಧ್ಯಾಹ್ನದ್ದು ಕಣೇ."

ನನ್ನ ಗಂಡನಿಗೂ ಪ್ರಸಾದ ಸಿಗುತ್ತಿತ್ತು. ಅವನ ಬ್ಯಾಂಕಿನವರು ಫೋನಿನಲ್ಲೇ ದುಡ್ಡು ಕೊಡುವ ಆ್ಯಪ್ ಒಂದನ್ನು ಮಾಡುತ್ತಲೇ ಇದ್ದರು. ಒಂದು ಭಾನುವಾರ ಅವನು ಅದರ ಬಗ್ಗೆ ಬಹಳ ಹೆಮ್ಮೆಯಿಂದ ವಿವರಿಸಿದ. ದೊಡ್ಡಮ್ಮ ಸೊಪ್ಪು ಬಿಡಿಸುತ್ತ ಪೂರ್ತಿ ಕೇಳಿ, "ಕೆನ್ಯಾದಲ್ಲಿ ಸೊಪ್ಪು ಮಾರೋಳು ಫೋನಲ್ಲೇ ದುಡ್ಡು ಇಸ್ಕೊಳ್ಳೋಕೆ ಶುರು ಮಾಡಿ ಎಷ್ಟೋ ವರ್ಷ ಆಯ್ತಪ್ಪ. ನಿಮ್ದು ಇನ್ನೂ ಮೀಟಿಂಗ್ ಹಂತದಲ್ಲಿದ್ಯಾ?" ಎಂದಳು. ಅವನ ಮುಖ ಕೆಂಪಾಯಿತು. ಆದರೆ ಮರುದಿನ ಮೀಟಿಂಗಿನಲ್ಲಿ ಅದೇ ಮಾತನ್ನು ತನ್ನದೆಂಬಂತೆ ಹೇಳಿ ಶಹಬ್ಬಾಸ್‌ಗಿರಿ ಗಿಟ್ಟಿಸಿಕೊಂಡು ಬಂದ.

ಅವಳಿಗೆ ಸಿಟ್ಟು ಬರುತ್ತಿದ್ದದ್ದು ಒಂದೇ ವಿಷಯಕ್ಕೆ, ಆಫ್ರಿಕಾ ಅಂದರೆ ಒಂದೂರು ಅಂದುಕೊಂಡವರನ್ನು ಕಂಡರೆ. ನನ್ನನ್ನು ನೋಡಲು ಊರಿನ ಇನ್ನೊಂದು ಮೂಲೆಯ ಬುಕಿತ್ ಪಂಜಾಂಗಿನಿಂದ ಬಂದ ಪರಿಚಯದವರೊಬ್ಬರು, "ಆಂಟಿ, ಆಫ್ರಿಕಾದಲ್ಲಿ ವೆದರ್ ಹೇಗಿರುತ್ತೆ?" ಎಂದರು.

"ತುಮಕೂರಿಂದ ಟೋಕಿಯೋವರೆಗೆ ವೆದರ್ ಹೇಗಿರುತ್ತೋ ಹಾಗೇ ಇರುತ್ತೆ."

ಅವರು ಬಿಡದೆ, "ಸಿಂಹ ಗಿಂಹ ನೋಡಿದೀರಾ?" ಎಂದರು.

"ನೋಡಿದೀನಲ್ಲ, ಬನ್ನೇರುಘಟ್ಟದಲ್ಲಿ."

ಅವರು ಕಾಫಿ ಕುಡಿದು ಬೇಗ ಹೊರಟರು. ದೊಡ್ಡಮ್ಮನ ಸಿಟ್ಟು ಇನ್ನೂ ಆರಿರಲಿಲ್ಲ. "ಟಿವಿಯವರು ಅಲ್ಲಿ ಯುದ್ಧ ಆದ್ರೆ ತೋರಿಸ್ತಾರೆ, ರೋಗ ಬಂದ್ರೆ ತೋರಿಸ್ತಾರೆ. ಮಿಕ್ಕ ದಿನ ಆ ಜನ ಏನು ಮಾಡ್ತಾರೆ? ಮಕ್ಕಳಿಗೆ ತಲೆ ಬಾಚ್ತಾರೆ, ಬಸ್ಸಿಗೆ ಓಡ್ತಾರೆ, ಅತ್ತೆ ಮೇಲೆ ಚಾಡಿ ಹೇಳ್ತಾರೆ. ಅದೂ ಸುದ್ದಿ ಅಲ್ವೇನೇ?" ಎಂದು ನನ್ನನ್ನೇ ಜಬರಿಸಿದಳು. ನಾನು ಹೌದು ಹೌದು ಎಂದೆ. ಮಲಗಿದ್ದವಳಿಗೆ ಓಡುವ ದಾರಿಯೆಲ್ಲಿ?

ರಾತ್ರಿಗೆ ಮುದ್ದೆ. ಅಲ್ಲಿಯೂ ರಾಗಿ ಬೆಳೆಯುತ್ತಾರೆ, ಮುದ್ದೆಯಂಥದ್ದನ್ನೇ ಮಾಡುತ್ತಾರೆ, ಸಾಡ್ಜಾ ಅನ್ನುತ್ತಾರೆ. ರಾಗಿಯ ತವರೂ ಆ ಕಡೆಯದೇ, ನಮಗೆ ಸೊಸೆಯಾಗಿ ಬಂದದ್ದು ಅನ್ನುವುದು ದೊಡ್ಡಮ್ಮನ ವಾದ. ಅಡುಗೆಮನೆಯಲ್ಲಿ ಮುದ್ದೆ ತಿರುವುತ್ತ ಅವಳು ಫೋನಿಗೆ ಏನೇನೋ ಹೇಳುತ್ತಿದ್ದಳು, ಪೂರ್ತಿ ಅವರ ಭಾಷೆಯಲ್ಲಿ. ನಡುವೆ ಒಂದು ಪದ ಮಾತ್ರ ನನಗೆ ಅರ್ಥವಾಗುತ್ತಿತ್ತು. ಪುಟ್ಟಿ. ಅದು ಮನೆಯಲ್ಲಿ ನನ್ನನ್ನು ಕರೆಯುವ ಹೆಸರು. ಮುದ್ದೆ ಸರಿಯಾಗಿ ನುಂಗುವುದಿಲ್ಲವೆಂದು ಹೊರದೇಶದವರ ಹತ್ತಿರ ದೂರು ಹೇಳುತ್ತಿದ್ದಾಳೆ ಎಂದುಕೊಂಡು ನನಗೆ ಒಳಗೊಳಗೇ ಸಿಟ್ಟು ಬರುತ್ತಿತ್ತು.

ದಿನಾ ಬೆಳಗ್ಗೆ ನನಗೂ ಅದೇ ಪ್ರಶ್ನೆ. "ಹೇಗ್ ಮಲಗಿದ್ದೆ, ಪುಟ್ಟಿ?" ಚೆನ್ನಾಗಿ ಮಲಗಿದ್ದೆ ಎನ್ನುತ್ತಿದ್ದೆ. ಅದು ಶುದ್ಧ ಸುಳ್ಳು. ಹಿಂದಿನ ಎರಡು ಸಲವೂ ನಾನು ಏಳುವಷ್ಟರಲ್ಲಿ ಎಲ್ಲ ಮುಗಿದುಹೋಗಿತ್ತು. ಅದಕ್ಕೇ ನನಗೆ ನಿದ್ದೆಯೆಂದರೆ ಹೆದರಿಕೆ. ಗಂಡನಿಗೂ ಹೇಳಿರಲಿಲ್ಲ, ಅವನೂ ಹೆದರಿದ್ದ ಎಂದು ನನಗೆ ಗೊತ್ತಿತ್ತು.

ಏಳನೆಯ ತಿಂಗಳಲ್ಲಿ ಒಂದು ಬೆಳಗ್ಗೆ ರಕ್ತ ಕಾಣಿಸಿಕೊಂಡಿತು. ಗಂಡ ಆಂಬುಲೆನ್ಸ್ ಕರೆಸಿದ. ಮಲಯ್ ಹುಡುಗಿಯೊಬ್ಬಳು ಸ್ಟ್ರೆಚರ್ ಹಿಡಿದು ಒಳಗೆ ಬಂದಳು. ನಮ್ಮ ದೊಡ್ಡಮ್ಮ ಆಗಲೂ, ನೀವು ನಂಬಬೇಕು, ಆಗಲೂ ಅವಳ ಮುಖ ನೋಡಿ "ಹೌ ಡಿಡ್ ಯೂ ಸ್ಲೀಪ್?" ಎಂದಳು. ನನಗೆ ಎದ್ದು ಕೂತು ಕಿರುಚಬೇಕೆನ್ನಿಸಿತು. ಹುಡುಗಿ ನನ್ನನ್ನು ಎತ್ತುತ್ತ, "ನಾಟ್ ಯೆಟ್ ಸ್ಲೀಪ್, ಆಂಟಿ. ನೈಟ್ ಶಿಫ್ಟ್" ಎಂದಳು. ದೊಡ್ಡಮ್ಮ ಡೈನಿಂಗ್ ಟೇಬಲ್ ಮೇಲಿನ ಎರಡು ಬಾಳೆಹಣ್ಣು ತೆಗೆದು ಅವಳ ಜೇಬಿಗೆ ತುರುಕಿದಳು. ದಾರಿಯುದ್ದಕ್ಕೂ ಆ ಹುಡುಗಿ ನನ್ನ ಕೈ ಬಿಡಲಿಲ್ಲ.

ಆಸ್ಪತ್ರೆಯಲ್ಲಿ ರಕ್ತ ನಿಂತಿತು, ಮಗುವಿನ ಎದೆಬಡಿತ ಕೇಳಿಸಿತು, ಆದರೆ ಮನೆಗೆ ಕಳಿಸಲಿಲ್ಲ. ಇನ್ನು ಹೆರಿಗೆಯವರೆಗೆ ಇಲ್ಲೇ, ಎಷ್ಟು ದಿನ ತಳ್ಳಿದರೆ ಅಷ್ಟು ಒಳ್ಳೆಯದು ಎಂದರು ಡಾಕ್ಟರು. ಮರುದಿನ ಮಧ್ಯಾಹ್ನ ದೊಡ್ಡಮ್ಮ ಡಬ್ಬಿ ಹಿಡಿದು ಬಂದಳು. ಮಂಚದ ಪಕ್ಕ ಕೂತು ಎಂದಿನಂತೆ ಕೇಳಿದಳು, "ಹೇಗ್ ಮಲಗಿದ್ದೆ, ಪುಟ್ಟಿ?"

"ಮಲಗ್ಲಿಲ್ಲ ದೊಡ್ಡಮ್ಮ" ಎಂದುಬಿಟ್ಟೆ. "ಎಷ್ಟೋ ದಿನದಿಂದ ಮಲಗಿಲ್ಲ. ಕಣ್ಣು ಮುಚ್ಚಿದ್ರೆ ಇದೂ ಹೋಗ್ಬಿಡುತ್ತೆ ಅನ್ಸುತ್ತೆ."

ಏನೂ ಆಗಲ್ಲ, ದೇವರಿದ್ದಾನೆ, ಧೈರ್ಯ ತಂದುಕೋ ಎಂದು ಅವಳು ಹೇಳಲಿಲ್ಲ. "ನಂಗೊತ್ತಿತ್ತು. ನೀನು ಮಲಗಿಲ್ಲ, ಅದಕ್ಕೇ ನಾನೂ ಮಲಗಿಲ್ಲ" ಎಂದಳು. ಫೋನ್ ತೆಗೆದಳು. "ಅವರೂ ಯಾರೂ ಮಲಗಿಲ್ಲ. ಕೇಳು."

ಮೊದಲು ರುಡೋ. ಮೇಡಂ ಹೇಗೆ ಮಲಗಿದ್ರಿ, ಪುಟ್ಟಿ ಹೇಗೆ ಮಲಗಿದಳು, ಎಡ ಮಗ್ಗುಲಿಗೆ ಮಲಗಲಿ, ನನ್ನ ವಾರ್ಡಿನ ನರ್ಸುಗಳೆಲ್ಲ ಕೇಳುತ್ತಿದ್ದಾರೆ ಎಂದು. ಆಮೇಲೆ ಹರಾರೆಯ ಪೆಟ್ರೋಲ್ ಕ್ಯೂನಲ್ಲಿ ನಿಂತಿದ್ದ ಒಬ್ಬ. ಕರೆಂಟಿಲ್ಲದೆ ಫೋನಿನ ಚಾರ್ಜು ಮುಗಿಯುತ್ತಿದೆ, ಬೇಗ ಹೇಳಿ, ಪುಟ್ಟಿ ಮಲಗಿದಳಾ ಎಂದು ಲುಸಾಕಾದಿಂದ ಇನ್ನೊಬ್ಬಳು. ಕೊನೆಗೆ ಎಂಜಿನ್ ಸದ್ದಿನ ನಡುವೆ ಟೆಂಡಾಯಿ: "ಮೇಡಂ, ಗಡಿಯಲ್ಲಿ ಮತ್ತೆ ನಿಂತಿದ್ದೇವೆ. ಇಲ್ಲಿರುವ ಡ್ರೈವರುಗಳೆಲ್ಲ ಕೇಳುತ್ತಿದ್ದಾರೆ." ಹಿಂದಿನಿಂದ ಒರಟು ಗಂಟಲುಗಳು ಒಟ್ಟಿಗೆ ಕೂಗಿದವು, "ಹೌ ಡಿಡ್ ಪುಟ್ಟಿ ಸ್ಲೀಪ್?" ಅವರಲ್ಲೊಬ್ಬ ಕಾಂಗೋದವನು ಫ್ರೆಂಚಿನಲ್ಲಿ ಏನೇನೋ ಹೇಳಿದ. ಪುಟ್ಟಿ ಅನ್ನುವುದಷ್ಟೇ ತಿಳಿಯಿತು.

ಇಷ್ಟು ತಿಂಗಳು ಆಫ್ರಿಕಾದ ಸುದ್ದಿ ನಮ್ಮ ಮನೆಗೆ ಬರುತ್ತಿದೆ ಎಂದುಕೊಂಡಿದ್ದೆ. ನಮ್ಮ ಮನೆಯ ಸುದ್ದಿ ಅಲ್ಲಿಗೆ ಹೋಗುತ್ತಿತ್ತು! ಪೆಟ್ರೋಲಿಲ್ಲದ, ಕರೆಂಟಿಲ್ಲದ, ಬ್ಯಾಂಕಿನಲ್ಲಿ ನೋಟಿಲ್ಲದ ಬೆಳಗುಗಳಲ್ಲಿ ಎದ್ದು, ಮುಖ ಕೂಡ ನೋಡಿರದ ನನ್ನ ನಿದ್ದೆಯನ್ನು ಅವರು ವಿಚಾರಿಸಿಕೊಳ್ಳುತ್ತಿದ್ದರು. ನಾನು ಅತ್ತುಬಿಟ್ಟೆ. ಆ ಜನರಿಗೆ, ಅವರನ್ನು ನನಗೆ ತಂದುಕೊಟ್ಟ ಈ ಹುಚ್ಚು ದೊಡ್ಡಮ್ಮನಿಗೆ ನಾನು ಎಷ್ಟು ಋಣಿಯೆಂದು ಈಗಲೂ ಹೇಳಲು ಬರುವುದಿಲ್ಲ. ಅವಳು ನನ್ನನ್ನು ಎಡ ಮಗ್ಗುಲಿಗೆ ತಿರುಗಿಸಿ, ಬೆನ್ನ ಮೇಲೆ ಕೈಯಿಟ್ಟು, "ನಾವೆಲ್ಲ ಎದ್ದಿದೀವಿ. ನೀನು ಮಲಗು" ಎಂದಳು. ಆ ಮಧ್ಯಾಹ್ನ ನಾನು ನಿಜವಾಗಿ ಮಲಗಿದೆ. ಆಮೇಲಿನ ವಾರಗಳಲ್ಲೂ ಮಲಗಿದೆ.

ಹೆರಿಗೆಯ ಮರುದಿನ ಮಧ್ಯಾಹ್ನ ಒಂದು ಗಂಟೆಗೆ ದೊಡ್ಡಮ್ಮ ನನ್ನ ಮಂಚದ ಪಕ್ಕ ನಿಂತು ವಾಯ್ಸ್ ನೋಟಿಗಾಗಿ ಫೋನ್ ಒತ್ತಿ ಹಿಡಿದಳು. ನನ್ನ ಗಂಡ ಕಣ್ಣೊರೆಸಿಕೊಳ್ಳುತ್ತ ಕಿಟಕಿಯ ಹತ್ತಿರ ನಿಂತಿದ್ದ. ಎಲ್ಲರೂ ಹೇಗೆ ಮಲಗಿದ್ರಿ ಎಂದು ಅವಳು ಶುರುಮಾಡಿದಳು. ರುಡೋಳ ಮಕ್ಕಳನ್ನು ಕೇಳಿದಳು. ಹರಾರೆಗೆ ಪೆಟ್ರೋಲ್ ಬಂತೇ, ಲುಸಾಕಾದಲ್ಲಿ ಕರೆಂಟ್ ಇದೆಯೇ, ಟೆಂಡಾಯಿಯ ಲಾರಿ ಗಡಿ ದಾಟಿತೇ, ಮಸ್ವಿಂಗೊದಲ್ಲಿ ಮಳೆ ಬಂತೇ, ಒಂದನ್ನೂ ಬಿಡಲಿಲ್ಲ. ದನಕರುಗಳೂ ಮುಗಿದವು. ಇನ್ನು ಉಳಿದದ್ದು ವಿಷಯವೊಂದೇ. ಕಾಫಿ ಕ್ಯೂನಲ್ಲಿ, ಲಿಫ್ಟಿನಲ್ಲಿ, ಸ್ಟ್ರೆಚರಿನ ಪಕ್ಕದಲ್ಲಿ ನಿಲ್ಲದ ದೊಡ್ಡಮ್ಮನ ಮಾತು ಅಲ್ಲಿ ನಿಂತಿತು. ಫೋನನ್ನು ನನ್ನ ಬಾಯಿಯ ಹತ್ತಿರ ಹಿಡಿದಳು.

"ನೀವೆಲ್ಲ ಚೆನ್ನಾಗಿ ಮಲಗಿದ್ದರೆ," ಎಂದೆ ನಾನು, "ಇಲ್ಲಿ ನಾವಿಬ್ಬರೂ ಚೆನ್ನಾಗಿ ಮಲಗಿದೆವು. ನಾನು, ನನ್ನ ಮಗಳು."