ಬನಿಯನ್ ಕಿಸೆಯ ಹಾಗಲ ಬೀಜ

ನಮ್ಮ ಮನೆಯವರು ಕಾವಿಗೆ ಕೂರುತ್ತಿದ್ದರು. ಹೌದ್ರಿ, ಕೋಳಿ ಕೂರುತ್ತದಲ್ಲ, ಹಾಗೆ! ಕೋಳಿಗಾದರೂ ಒಂದು ಮೂಲೆಯಲ್ಲಿ ಕೂರುವ ಬುದ್ಧಿ ಇದೆ. ಇವರು ಹುನಗುಂದದಿಂದ ಬಸ್ಸು ಹತ್ತಿ, ಇಳಕಲ್ಲಿನ ಸೀರೆ ಅಂಗಡಿಯಲ್ಲಿ ದಿನವಿಡೀ ಸೀರೆ ಬಿಚ್ಚಿ ಮಡಚುತ್ತಲೇ ಕಾವು ಕೊಡುತ್ತಿದ್ದರು.

ಚಳಿಗಾಲದಲ್ಲಿ ಹಾಗಲ ಬೀಜ ಬಲು ಮೊಂಡು. ಹಾಗೇ ಊರಿದರೆ ಮಣ್ಣೊಳಗೆ ಮಲಗಿಬಿಡುತ್ತದೆ. ಅದಕ್ಕೇ ಇವರು ಬೀಜ ನೆನೆಸಿ, ಹಸಿ ಅರಿವೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಹಾಳೆಯಲ್ಲಿ ಪೊಟ್ಟಣ ಕಟ್ಟಿ ಬನಿಯನ್ನಿನ ಕಿಸೆಗೆ ಸೇರಿಸುವರು. ಎದೆಯ ಬಿಸಿಗೆ ಮೊಳಕೆ ಒಡೆಯಬೇಕು! ಆ ಕಿಸೆ ಹೊಲಿದುಕೊಟ್ಟವಳು ನಾನೇ. ಬೇರೆ ಹೆಂಗಸರಿಗೆ ಗಂಡನ ಕಿಸೆಯಲ್ಲಿ ಏನೇನೋ ಸಿಗುತ್ತದಂತೆ. ನನಗೆ ಸಿಕ್ಕದ್ದು ಬಾಲ ಬಂದ ಬೀಜ.

ಬಾದಾಮಿಯಲ್ಲಿ ಒಂದು ಮದುವೆ. ಬೀಗರು ಅಪ್ಪಿಕೊಳ್ಳಲು ತೋಳು ಚಾಚಿದರು. ಇವರು ಒಂದು ಹೆಜ್ಜೆ ಹಿಂದೆ ಸರಿದು, “ಸಾವಕಾಶ ರಿ! ಒಳಗ ಎಳೀವು ಅದಾವ” ಎಂದರು. ಬೀಗರು ಗಾಬರಿಯಿಂದ ನನ್ನ ಮುಖ ನೋಡಿದರು. ನಾನು ಮಂಟಪದ ಹೂವು ನೋಡತೊಡಗಿದೆ.

ಇನ್ನೊಮ್ಮೆ ಜ್ವರ. ಡಾಕ್ಟರು ಎದೆಗೆ ಕೈ ಇಟ್ಟವರೇ ತೆಗೆದರು. “ಏನ್ರಿ ಇದು, ಹಸಿ ಹಸಿ?”

“ಹಾಗಲ ಬೀಜ ರಿ ಸರ.”

“ನಿಮ್ಮ ಮೈ ಕೆಂಡ ಆಗೇತಿ!”

“ಅದಕ್ಕ ನೋಡ್ರಿ, ಈ ಸಲ ಲಗೂನ ಒಡದಾವ!”

ಜ್ವರ ಬಂದದ್ದಕ್ಕೆ ಇಷ್ಟು ಹಿಗ್ಗಿದವರನ್ನು ನೀವು ಕಂಡಿದ್ದೀರಾ? ಮನೆಗೆ ಬಂದು ನಾನು ಗುಳಿಗೆ ಕೊಟ್ಟರೆ, “ಸಂಜೀತನಾ ತಡಿ, ಇನ್ನೊಂದೆರಡು ಬಾಕಿ ಅದಾವ” ಎಂದರು.

ಈ ಚಳಿಗಾಲದಲ್ಲಿ ಅಂಗಡಿಯಲ್ಲೇ ಎದೆ ಹಿಡಿದುಕೊಂಡು ಕೂತರಂತೆ. ಬಾಗಲಕೋಟೆಯ ದವಾಖಾನೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ನರ್ಸಬಾಯಿ ಅವರ ಬಟ್ಟೆಗಳನ್ನು ಚೀಲದಲ್ಲಿ ಹಾಕಿ ಕೊಟ್ಟಳು. ಬನಿಯನ್ ಕಿಸೆಯಲ್ಲಿ ಪೊಟ್ಟಣ ಹಾಗೇ ಇತ್ತು. ಯಾರಿಗೂ ಹೇಳದೆ ನನ್ನ ಸೊಂಟಕ್ಕೆ ಸಿಗಿಸಿಕೊಂಡೆ. ಬಂದವರು ನನ್ನನ್ನು ತಬ್ಬಿ ಅಳುವಾಗ ತುಸು ಬಾಗಿ ಕೂರುತ್ತಿದ್ದೆ.

ಮಣ್ಣು ಮಾಡಿ ಬಂದವರೆಲ್ಲ ಚದುರಿದ ಮೇಲೆ ಬಿಚ್ಚಿ ನೋಡಿದೆ. ಎಲ್ಲಕ್ಕೂ ಬಿಳಿ ಬೇರು ಬಂದಿತ್ತು. ಇನ್ನು ತಡೆದರೆ ಅರಿವೆಗೆ ಹೆಣೆದುಕೊಂಡು ಮುರಿಯುತ್ತವೆ. ಹಿತ್ತಲಲ್ಲಿ ಹಳೆಯ ಎಣ್ಣೆ ಡಬ್ಬಿಗಳಿಗೆ ಎರೆಮಣ್ಣು ತುಂಬುತ್ತಿದ್ದೆ. ಅತ್ತೆ ಬಂದು ನಿಂತರು.

“ಏನ ಮಾಡಾಕತ್ತಿ?”

“ಅವರ ಬೀಜ ರಿ, ಅತ್ತಿ. ಮೊಳಕಿ ಒಡದಾವ.”

“ಬ್ಯಾಡ. ಈ ಮನ್ಯಾಂದ ಇನ್ನ ಮಣ್ಣಿಗೆ ಏನೂ ಹಾಕಬ್ಯಾಡ. ನನ್ನ ಮಗನ್ನ ಹಾಕಿ ಬಂದೇವಿ, ಸಾಕು.”

ಅರಿವೆಗೆ ನೀರು ಚಿಮುಕಿಸಿ ಮತ್ತೆ ಕಟ್ಟಿಕೊಂಡೆ. ಅವತ್ತೆಲ್ಲ ಅತ್ತೆ ನನ್ನ ಸೊಂಟದ ಕಡೆ ನೋಡುತ್ತ, ಮುಖ ತಿರುಗಿಸುತ್ತ ಇದ್ದರು. ಹೊತ್ತು ಇಳಿಯುವಾಗ ಹತ್ತಿರ ಬಂದು ಕೂತರು.

“ಇನ್ನೂ ಜೀವ ಅದಾವೇನ?”

“ಅದಾವ ರಿ.”

“ತಾ ಇಲ್ಲೆ.”

ಅಂಗೈಯಲ್ಲಿ ಇಟ್ಟುಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ತಾವೇ ಬೆರಳಿನಿಂದ ಕುಳಿ ಮಾಡಿ, ಬೇರು ಕೆಳಗಾಗುವಂತೆ ಒಂದೊಂದನ್ನೇ ಇಳಿಸಿದರು. ನಾನು ಮೇಲಿನ ಮಣ್ಣು ಅದುಮಹೋದರೆ ಕೈ ಹಿಡಿದರು. “ಒತ್ತಬ್ಯಾಡವಾ. ಉಸರ ಕಟ್ಟತೈತಿ.”

ಎರೆಮಣ್ಣು ಒಣಗಿದರೆ ಮೇಲೆ ರೊಟ್ಟಿಯ ಹಾಗೆ ಗಟ್ಟಿ ಪದರ ಕಟ್ಟುತ್ತದೆ. ಮೊಳಕೆಗೆ ಅದನ್ನು ಒಡೆಯುವ ಬಲ ಎಲ್ಲಿಂದ ಬರಬೇಕು? ಅತ್ತೆ ದಿನವೂ ನೀರಿನ ಚರಿಗೆಯಲ್ಲಿ ಬೆರಳು ಅದ್ದಿ ಹನಿ ಹನಿ ಉದುರಿಸುವರು. ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ.

ಒಂದು ಬೆಳಿಗ್ಗೆ ಒಂದು ಡಬ್ಬಿಯಲ್ಲಿ ಮಣ್ಣು ಬಿರಿದಿತ್ತು. ಪದರದ ಕೆಳಗೆ ಒಂದು ಎಳೆ ಕುತ್ತಿಗೆ ಬಾಗಿ ಸಿಕ್ಕಿಕೊಂಡಿತ್ತು. ಅತ್ತೆ ನೀರು ಹನಿಸಿ, ಕಾದು, ಉಗುರಿನ ತುದಿಯಿಂದ ಹೆಂಟೆ ಎತ್ತಿದರು. ಕುತ್ತಿಗೆ ಮೆಲ್ಲಗೆ ನೆಟ್ಟಗಾಯಿತು.

“ಬಂದ್ಯಾ, ಯಪ್ಪಾ?” ಎಂದರು ಅತ್ತೆ.

ನಾನು ಚರಿಗೆ ಎಳೆದುಕೊಂಡು ಪಕ್ಕದ ಡಬ್ಬಿಗೆ ನೀರು ಚಿಮುಕಿಸಿದೆ.