ಒಂದೂ ಕಟ್ ಇಲ್ಲದ ಕಪ್ಪು ಪಟ್ಟಿ

ಮಾವನವರನ್ನು ಕಣ್ಣಿನ ಆಪರೇಷನ್ನಿಗೆ ಕರೆತರುವ ಶಕ್ತಿ ಈ ಮನೆತನದಲ್ಲಿ ಯಾರಿಗಾದರೂ ಇದ್ದರೆ ಅದು ನನಗೆ ಮಾತ್ರ ಎಂದು ಒಂದು ವಾರ ಮೊದಲೇ ಡೈರಿಯಲ್ಲಿ ಬರೆದಿದ್ದೇನೆ. ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದೇನೆ. ಈಗ ಆ ಪುಟ ಹರಿದು ಹಾಕೋಣವೆಂದರೆ ಹಿಂಬದಿಯಲ್ಲಿ ಮಗಳು ಮುಗ್ಧಾಳ ಲಸಿಕೆಯ ತಾರೀಖುಗಳಿವೆ. ಹಾಗಾಗಿ ನನ್ನ ಜಂಬ ಉಳಿದುಕೊಂಡಿದೆ.

ನಮ್ಮ ಮಾವ ಜಿನಪಾಲ ಅವರು ಖಾನಾಪುರದಲ್ಲಿ ಮೂವತ್ತೈದು ವರ್ಷ ಪಾತ್ರೆ ಅಂಗಡಿ ನಡೆಸಿದವರು. ಎರಡೂ ಕಣ್ಣಿಗೆ ಪೊರೆ ಬಂದಿದೆ. ನಾವಿರುವ ಬೆಳಗಾವಿಯಲ್ಲಿ ಡಾಕ್ಟರು ಮೂರು ಸಲ ತಾರೀಖು ಕೊಟ್ಟರು, ಇವರು ಮೂರು ಸಲವೂ ತಪ್ಪಿಸಿದರು. ಮೊದಲ ಸಲ ದಶಲಕ್ಷಣ ಪರ್ವ. ಎರಡನೇ ಸಲ ಸೋದರಳಿಯನ ಮದುವೆ. ಮೂರನೇ ಸಲ ಏನೂ ಸಿಗದೆ, "ಅವತ್ತ ನಳಕ್ಕ ನೀರ ಬರೂ ದಿನ" ಎಂದರು. ಇನ್ನೂ ತಡ ಮಾಡಿದರೆ ಪೊರೆ ಗಟ್ಟಿಯಾಗುತ್ತದೆ, ಆಮೇಲೆ ನನ್ನನ್ನು ಕೇಳಬೇಡಿ ಎಂದು ಡಾಕ್ಟರು ಖಡಕ್ಕಾಗಿ ಹೇಳಿ ಸೋಮವಾರದ ತಾರೀಖು ಬರೆದುಕೊಟ್ಟರು. ಹೋದ ತಿಂಗಳು ಮುಗ್ಧಾ ಎದುರಿಗೇ ನಿಂತಿದ್ದರೂ ಮಾವನವರು ಕುರ್ಚಿಯ ಮೇಲಿನ ಟವೆಲ್ಲಿಗೆ "ಬಾ ಪುಟ್ಟಿ" ಅಂದಿದ್ದರು. ಎಲ್ಲರೂ ನಕ್ಕೆವು. ಆಮೇಲೆ ನಾನು ಆ ಟವೆಲ್ ಎತ್ತಿ ಒಳಗೆ ಇಟ್ಟೆ.

ಈ ಸಲದ ನೆಪ ನಮ್ಮ ಹೊಸ ಕಾರು.

"ಕರೆಂಟಿನ ಮ್ಯಾಲ ಓಡೂದು ಗಾಡಿ ಅಲ್ಲ, ಮಿಕ್ಸರ್. ಮಿಕ್ಸರ್‌ದಾಗ ಕುಂತು ನಾ ಎಲ್ಲೂ ಬರಾವಲ್ಲ" ಎಂದು ಫೋನಿನಲ್ಲಿ ತೀರ್ಪು ಕೊಟ್ಟರು.

ಅಲ್ಲೇ ನನಗೆ ಉಪಾಯ ಹೊಳೆದದ್ದು. ಈ ಬ್ಯಾಟರಿ ಗಾಡಿಯನ್ನು ಕಂಪನಿಯವರು ಮಾಡಿದ್ದೇ ನಲವತ್ತು ವರ್ಷದ ಹಿಂದಿನ ತಮ್ಮ ಪುಟ್ಟ ಓಟದ ಗಾಡಿಯ ಚಹರೆ ಇಟ್ಟು. ಅದೇ ಚೌಕ ಕಣ್ಣು, ಗಾಲಿಯ ಮೇಲೆ ಅದೇ ಉಬ್ಬಿದ ಗಲ್ಲ, ಹಿಂದೆ ಕಡಿದಿಟ್ಟಂತೆ ಇಳಿಯುವ ಬೆನ್ನು. ಹಳೆಯದರಲ್ಲಿ ಹಿಂದಿನ ಗಾಲಿಯ ಮೇಲೆ ಗಾಳಿ ಹೋಗುವ ಕಿಂಡಿ ಇತ್ತಂತೆ. ಹೊಸದರಲ್ಲಿ ಎರಡೂ ಬದಿಗೆ ಕಿಂಡಿಯ ಆಕಾರ ಮಾತ್ರ ಇದೆ. ಒಂದು ಬದಿಯದು ಚಾರ್ಜಿಂಗಿನ ಮುಚ್ಚಳ, ಇನ್ನೊಂದು ಬದಿಯದು ಮುಚ್ಚಳವೂ ಅಲ್ಲ, ಕಿಂಡಿಯೂ ಅಲ್ಲ, ಬರೀ ಪರಂಪರೆ. ಮಾವನವರು ಯೌವನದಲ್ಲಿ ಓಡಿಸುತ್ತಿದ್ದ ಕಾರು ಇದರ ಅಜ್ಜನೇ! ಬಿಳಿ ಬಣ್ಣ ಕೂಡ ಅದೇ. ಆಲ್ಬಮ್ಮಿನ ಫೋಟೋದಲ್ಲಿ ಅವರು ಕಪ್ಪು ಕನ್ನಡಕ ಹಾಕಿ ಅದಕ್ಕೆ ಒರಗಿ ನಿಂತಿದ್ದಾರೆ. ವ್ಯತ್ಯಾಸ ಒಂದೇ. ಹಳೆ ಗಾಡಿಯ ಪಕ್ಕೆಯ ಮೇಲೆ ಮೂಗಿನಿಂದ ಬಾಲದವರೆಗೆ ಒಂದು ಕಪ್ಪು ಪಟ್ಟಿ ಓಡಿದೆ.

ಪಟ್ಟಿ ಹಚ್ಚಿಸಿದರೆ, ಬಿಳಿಯ ಮೇಲಿನ ಕಪ್ಪು ಪೊರೆಗಣ್ಣಿಗೂ ಕಂಡು, ಮಾವನವರು ತಾವಾಗಿಯೇ ಬಂದು ಕೂರುತ್ತಾರೆ. ಗಂಡ ಜಿನೇಂದ್ರ ಆಫೀಸಿನ ಕೆಲಸಕ್ಕೆ ಹುಬ್ಬಳ್ಳಿಗೆ ಹೋಗಿದ್ದರು, ಮಂಗಳವಾರ ವಾಪಸ್. ಅವರಿಗೆ ಹೇಳಲಿಲ್ಲ. ಕೇಳಿದ್ದರೆ ಬೇಡ ಅನ್ನುತ್ತಿದ್ದರು, ಅಷ್ಟೇ.

ಶನಿವಾರ ಆಟೋ ನಗರದಲ್ಲಿ ಸ್ಟಿಕರ್ ಕೆಲಸದ ಸಿದರಾಯನ ಮುಂದೆ ಫೋಟೋ ಹಿಡಿದೆ.

"ವೈನಿ, ಹಿಂದಿನ ಗಾಲಿ ಮ್ಯಾಲ ಒಂದು ಕಟ್ ಕೊಡ್ಲೇನ್ರಿ? ಅಲ್ಲೇನೋ ಸಂದಿ ಐತಿ."

"ಫೋಟೋದಾಗ ಕಟ್ ಐತೇನು?"

"ಇಲ್ರಿ."

"ಮತ್ತ? ಎಲ್ಲೂ ಜೋಡ್ ಕಾಣಬಾರ್ದು ನೋಡು. ಒಂದೂ ಕಟ್ ಬ್ಯಾಡ."

"ನೀವ ಅಂದ್ರಿ ಅಂದ್ಮ್ಯಾಲ ಆತು" ಎಂದು ಸಿದರಾಯ ಎರಡೂ ಬದಿಗೆ ಬಿಗಿಯಾಗಿ ಅಂಟಿಸಿದ. ಅವನು ಬಿಸಿಗಾಳಿ ಊದುತ್ತ ಕೆಲಸ ಮಾಡಿದ ಮೂರು ತಾಸೂ ನಾನೂ ಮುಗ್ಧಾಳೂ ಒಳಗೆ ಎ.ಸಿ. ಹಾಕಿಕೊಂಡು ಕೂತಿದ್ದೆವು. ಇಳಿದು ನೋಡಿದರೆ ಗಾಡಿ ಮದುಮಗನಂತೆ ನಿಂತಿತ್ತು. ಶಿವಬಸವ ನಗರದ ನಮ್ಮ ಓಣಿಯಲ್ಲಿ ಬೇಕಿಲ್ಲದಿದ್ದರೂ ಎರಡು ಸುತ್ತು ಹೊಡೆದೆ.

ಭಾನುವಾರ ಬೆಳಿಗ್ಗೆ ಖಾನಾಪುರ ಮುಟ್ಟಿದಾಗ ಪರದೆಯ ಮೇಲೆ ಬ್ಯಾಟರಿ ಏಳು ಪರ್ಸೆಂಟ್ ಅಂತ ಕೆಂಪಗೆ ಮಿನುಗುತ್ತಿತ್ತು. ನಾನು ಹೆದರಲಿಲ್ಲ. ಡಿಕ್ಕಿಯಲ್ಲಿ ಕೇಬಲ್ ಇದೆ, ಅತ್ತೆಯವರ ಬಚ್ಚಲಲ್ಲಿ ಗೀಸರಿನ ಪ್ಲಗ್ ಇದೆ. ನಮ್ಮ ಜೈನರ ಪದ್ಧತಿಯಂತೆ ಸಂಜೆ ಐದಕ್ಕೆ ಊಟ ಮುಗಿಸಿ, ಸೂರ್ಯ ಇರುವಾಗಲೇ ಹೊರಟರೆ ಬೆಳಗಾವಿ ಎಷ್ಟು ದೂರ?

ಕೇಬಲ್ ಎಳೆದು ತಂದೆ. ಚುಚ್ಚಬೇಕಾದ ಮುಚ್ಚಳ ಮಾತ್ರ ಕಾಣಲಿಲ್ಲ. ಎಡಕ್ಕೆ ನೋಡಿದೆ, ಬಲಕ್ಕೆ ನೋಡಿದೆ. ಎರಡೂ ಕಡೆ ನುಣ್ಣನೆಯ ಕಪ್ಪು ಪಟ್ಟಿ, ಎಲ್ಲೂ ಜೋಡಿಲ್ಲ. ಮನೆಯಲ್ಲಿ ದಿನಾ ಚಾರ್ಜಿಗೆ ಹಾಕುವುದು ಜಿನೇಂದ್ರ. ಯಾವ ಬದಿಗೆ ಎಂದು ನಾನು ಒಂದು ದಿನವೂ ನೋಡಿದವಳಲ್ಲ. ಈಗ ಫೋನ್ ಮಾಡಿ ಕೇಳಿದರೆ ಪಟ್ಟಿಯ ಕಥೆಯನ್ನೂ ಹೇಳಬೇಕು.

ಸಿದರಾಯನಿಗೆ ಫೋನ್ ಮಾಡಿದೆ.

"ನಾ ಕೇಳಿದ್ನೆಲ್ರಿ ವೈನಿ. ನೀವ ಕಟ್ ಬ್ಯಾಡ ಅಂದ್ರಿ."

"ಅದು ಇರ್ಲಿ ಮಾರಾಯಾ, ಯಾವ ಬಾಜು ಇತ್ತು ಹೇಳು."

"ಎರಡೂ ಬಾಜು ಇತ್ತ ನೋಡ್ರಿ."

ಕಟ್ಟೆಯ ಮೇಲೆ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದ ಮಾವನವರ ಮುಖ ಶಾಲೆಗೆ ಸೂಟಿ ಸಿಕ್ಕ ಹುಡುಗನಂತೆ ಅರಳಿತು. "ಚಾರ್ಜ್ ಆಗ್ವಲ್ತೇನು? ಪಾಪ. ಹೋಗ್ಲಿ ಬಿಡವಾ, ಮುಂದಿನ ತಿಂಗಳ ನೋಡೂಣಂತ."

ನಾನೇ ಇವರಿಗೆ ಐದನೇ ನೆಪ ತಯಾರಿಸಿ, ಪಟ್ಟಿ ಕಟ್ಟಿ, ಬಾಗಿಲಿಗೆ ತಂದು ಕೊಟ್ಟಿದ್ದೆ.

"ಅತ್ತಿಯಾರ, ಒಂದು ಚಾಕು ಕೊಡ್ರಿ" ಎಂದೆ. ಬಲಬದಿಗೆ ಹೋಗಿ, ಹಿಂದಿನ ಗಾಲಿಯ ಮೇಲೆ, ಇಲ್ಲೇ ಇರಬೇಕೆಂದು ಪಟ್ಟಿಯ ಅಂಚಿಗೆ ಚಾಕು ತೂರಿಸಿ ಮೀಟಿದೆ. ಮುಚ್ಚಳ ಏಳಲಿಲ್ಲ. ಚಾಕು ಜಾರಿತು. ಕರ್ರ್ ಎಂದು ಒಂದು ಗೇಣು ಉದ್ದದ ಗೀರು, ಬಿಳಿ ಬಣ್ಣದ ಮೇಲೆ. ಅದು ಮುಚ್ಚಳವೇ ಇಲ್ಲದ, ಬರೀ ಪರಂಪರೆಯ ಬದಿ.

"ಏನದು ಸಪ್ಪಳ?" ಮಾವನವರು ಕೂತಲ್ಲಿಂದಲೇ ಕೇಳಿದರು.

"ಏನಿಲ್ರೀ ಮಾವಾರ."

"ಏನಿಲ್ದಕ್ಕ ತಗಡ ಹಂಗ ಅಳೂದಿಲ್ಲ. ಆಚೆ ಸರಿ, ನೋಡೂಣು."

ಅಂಗಡಿಯಲ್ಲಿ ಮಾವನವರು ಹಂಡೆ, ಕೊಡಗಳನ್ನು ಎಂದೂ ಕಣ್ಣಿನಿಂದ ಪರೀಕ್ಷೆ ಮಾಡಿದವರಲ್ಲ. ಬೆರಳ ಗೆಣ್ಣಿನಿಂದ ಬಡಿದು, ದಪ್ಪ ಎಷ್ಟು, ಬೆಸುಗೆ ಎಲ್ಲಿ ಎಂದು ಹೇಳುತ್ತಿದ್ದರು. ಈಗಲೂ ಹಾಗೆಯೇ ನಮ್ಮ ಕಾರನ್ನು ಬಡಿಯುತ್ತ ಒಂದು ಸುತ್ತು ಬಂದರು. ಟಕ್. ಟಕ್. ಎಡಬದಿಯ ಗಾಲಿಯ ಮೇಲೆ, ಡಬ್.

"ಇಲ್ಲೆ ಪೊಳ್ಳ ಐತಿ. ಬ್ಲೇಡ್ ತಾ."

ಬೆರಳಿನಿಂದ ಅಂಚು ಹಿಡಿದು, ಬ್ಲೇಡು ಆಡಿಸಿ, ಬಣ್ಣಕ್ಕೆ ತಾಗದಂತೆ ಪಟ್ಟಿಯನ್ನು ಸಿಪ್ಪೆಯಂತೆ ಬಿಡಿಸಿದರು. ಒತ್ತಿದರು. ಮುಚ್ಚಳ ಟಪ್ ಎಂದು ಬಾಯಿ ತೆರೆಯಿತು.

"ಈ ಪಟ್ಟಿ ಯಾಕ ಹಚ್ಚಿಸಿದಿ?"

"ನಿಮ್ಮ ಹಳೇ ಗಾಡಿಗಿ ಇತ್ತಲ್ರಿ, ಫೋಟೋದಾಗ. ನಿಮಗ ಖುಷಿ ಆಗ್ಲಿ ಅಂತ..."

ಮಾವನವರು ನಗಲಿಕ್ಕೆ ಶುರು ಮಾಡಿದವರು ಗಾಡಿಗೆ ಕೈ ಊರಿದರು. "ಅದು ಪಟ್ಟಿ ಅಲ್ಲ ಪೂನಮ್. ವಾಯರಿಗೆ ಸುತ್ತೂ ಕರೀ ಟೇಪು. ನಿಮ್ಮ ಅತ್ತಿ ಡ್ರೈವಿಂಗ್ ಕಲೀವಾಗ ಗೇಟಿಗೆ ಉದ್ದಕ ತಿಕ್ಕಿದ್ಲು. ಮುಚ್ಚಾಕ ಹಚ್ಚಿದ್ದೆ."

ಒಳಗಿನಿಂದ ಅತ್ತೆಯವರ ದನಿ ಬಂತು. "ಗೇಟ ಅಲ್ಲಿ ಹಾಕಿದ್ದ ತಪ್ಪು."

ನಾನು ಒಂದೂ ಕಟ್ ಇಲ್ಲದಂತೆ ಎರಡು ಬದಿಗೆ ಹಚ್ಚಿಸಿದ್ದು ಅತ್ತೆಯವರ ಆ ಒಂದು ತಪ್ಪನ್ನು.

ಕೇಬಲ್ ಸಿಕ್ಕಿಸಿದೆವು. ಹಸಿರು ದೀಪ ಉಸಿರಾಡತೊಡಗಿತು. ಮುಗ್ಧಾ ಚಪ್ಪಾಳೆ ಹೊಡೆದಳು. ಆಗ ಮಾತ್ರ ಮಾವನವರಿಗೆ ಹೊಳೆಯಿತು, ತಮ್ಮ ನೆಪವನ್ನು ತಾವೇ ರಿಪೇರಿ ಮಾಡಿಬಿಟ್ಟಿದ್ದಾರೆಂದು. ಬ್ಲೇಡು ಹಿಡಿದುಕೊಂಡೇ ನಿಂತರು.

"ನಿಮ್ಮ ಚೀಲ ತುಂಬಿ ಇಟ್ಟೀನಿ" ಎಂದರು ಅತ್ತೆ.

ಸಂಜೆ ಅತ್ತೆಯೂ ಜೊತೆಗೆ ಹೊರಟರು; ದಾರಿಯುದ್ದಕ್ಕೂ ಮಾವನವರು ಚೀಲವನ್ನು ಅಪ್ಪಿಕೊಂಡೇ ಕೂತಿದ್ದರು. ಮರುದಿನ ಬೆಳಿಗ್ಗೆ ಆಸ್ಪತ್ರೆಯ ಮೆಟ್ಟಿಲ ಹತ್ತಿರ ನನ್ನ ಮಣಿಕಟ್ಟು ಹಿಡಿದರು. "ಭಾಳ ನೋಯ್ತೈತೇನವಾ?"

ಪರ್ವ, ಮದುವೆ, ನಳ, ಮಿಕ್ಸರ್. ಎಲ್ಲದರ ಹಿಂದೆ ಇದ್ದದ್ದು ಇಷ್ಟೇ.

"ಇಲ್ರೀ ಮಾವಾರ. ಮುಗ್ಧಾನ ಇಂಜೆಕ್ಷನ್‌ಕಿಂತ ಕಡಿಮಿ."

"ಆಕಿ ಅತ್ತಿದ್ಲಲ್ಲ."

"ಅತ್ರೂ ನಡೀತೈತ್ರಿ."

ಅಳಲಿಲ್ಲ. ಒಂದು ಕಣ್ಣು ಅರ್ಧ ತಾಸಿನಲ್ಲಿ ಮುಗಿಯಿತು. ಹೊರಗೆ ಬೆಂಚಿನ ಮೇಲೆ ಕೂತಿದ್ದ ಅತ್ತೆ, "ಇಷ್ಟಕ್ಕ ಒಂದು ವರ್ಷ ಕುಣಿಸಿದ್ರಿ" ಎಂದು ಬೈದು, ಸೆರಗಿನಿಂದ ಮೂಗು ಒರೆಸಿಕೊಂಡರು. ನನಗಂತೂ ಎದೆಯ ಮೇಲಿನ ತುಂಬಿದ ಹಂಡೆ ಇಳಿಸಿದಂತಾಯಿತು.

ಮಂಗಳವಾರ ಕಣ್ಣಿನ ಪಟ್ಟಿ ಬಿಚ್ಚಿದರು. ಮಾವನವರು ಮೊದಲು ಮುಗ್ಧಾಳನ್ನು ನೋಡಿದರು, ಗಲ್ಲ ಹಿಡಿದು ತಿರುಗಿಸಿ ತಿರುಗಿಸಿ. "ಹಲ್ಲು ಬಿದ್ದೈತೇನ ಪುಟ್ಟಿ? ಯಾರೂ ಹೇಳಲೇ ಇಲ್ಲ." ಆಮೇಲೆ ಕಪ್ಪು ಕನ್ನಡಕ ಹಾಕಿ ಹೊರಗೆ ಬಂದರು. ಹುಬ್ಬಳ್ಳಿಯಿಂದ ನೇರ ಆಸ್ಪತ್ರೆಗೇ ಬಂದಿದ್ದ ಜಿನೇಂದ್ರ ಗಾಡಿಯ ಎಡಗಡೆ ನಿಂತು ಹರಿದ ಪಟ್ಟಿ ನೋಡಿ, ಇದೇನು ಅವತಾರ ಎನ್ನುವಂತೆ ನನ್ನ ಕಡೆ ಹುಬ್ಬು ಎತ್ತಿದ್ದರು. ಬಲಗಡೆ ಗೋಡೆಗೆ ಹತ್ತಿರ, ಒಬ್ಬರು ತೂರುವಷ್ಟೇ ಸಂದಿ ಬಿಟ್ಟು ನಿಲ್ಲಿಸಿದ್ದೆ, ಬೇಕಂತಲೇ.

ಮಾವನವರು ಆ ಸಂದಿಯಲ್ಲೇ ತೂರಿ ಹೋದರು. ಗಾಲಿಯ ಹತ್ತಿರ ನಿಂತರು. ಬಗ್ಗಿದರು. ಕನ್ನಡಕ ಸ್ವಲ್ಪ ಕೆಳಗೆ ಜಾರಿಸಿದರು.

"ಡಾಕ್ಟರು ಛಲೋ ಮಾಡ್ಯಾರ. ಸಣ್ಣ ಸಣ್ಣ ಗೆರಿ ಸುದ್ದಾ ಕಾಣ್ತಾವ."

"ಯಾವ ಗೆರಿ ಅಪ್ಪಾ?" ಎನ್ನುತ್ತ ಜಿನೇಂದ್ರ ಆ ಕಡೆ ಹೊರಟರು.

ಮಾವನವರು ಗೀರಿಗೆ ಬೆನ್ನು ಕೊಟ್ಟು, ಗಾಡಿಗೆ ಒರಗಿ ನಿಂತು, ಮಗನ ಮುಂದೆ ಕೈ ಚಾಚಿದರು. "ನನ್ನ ಅಂಗೈದವು."

ಜಿನೇಂದ್ರ ಅಂಗೈ ನೋಡಿ ನಕ್ಕು ಚೀಲ ಇಡಲು ಡಿಕ್ಕಿಯ ಕಡೆ ಹೋದರು. ಮಾವನವರು ನನ್ನ ಕಡೆ ತಿರುಗಿದರು. "ಬರೂ ತಿಂಗಳ ಇನ್ನೊಂದು ಕಣ್ಣು ಮಾಡಿಸ್ಕೋತೀನಿ. ಅದಾದ ಮ್ಯಾಲ ಈ ಗಾಡಿ ಕೀಲಿ ವಾರಕ್ಕ ಎರಡು ದಿನ ನನ್ನ ಕೈಯಾಗ. ಏನಂತಿ, ಪೂನಮ್?"

"ಮೂರು ದಿನ ಇಟ್ಕೋರ್ರಿ ಮಾವಾರ" ಎಂದೆ.