ಎರಡು ಕಾಮಾಗಳ ನಡುವೆ ಸಿಕ್ಕಿಬಿದ್ದ ಸೊಸೈಟಿ

ಕನ್ನಡದಲ್ಲಿ ಬರೆಯುವಾಗ ನನಗೆ ಚಿಹ್ನೆಗಳ ಹಂಗು ಅಷ್ಟಾಗಿ ಇಲ್ಲ. ಬಂದು ಕೂತು ಕಾಫಿ ಕುಡಿದು ಹರಟೆ ಹೊಡೆದು ಎದ್ದು ಹೋದ ಎಂದು ಒಂದೇ ಉಸಿರಿನಲ್ಲಿ ಬರೆದರೂ ಬಂದವನು ಕ್ಷೇಮವಾಗಿ ಮನೆ ಸೇರುತ್ತಾನೆ. ಇಂಗ್ಲಿಷಿನಲ್ಲಿ ಹಾಗಲ್ಲ. ಅಲ್ಲಿ ಕಾಮಾ ಎಂಬ ಬಾಲವಿರುವ ಚುಕ್ಕೆಯೊಂದಿದೆ. ಅದರ ನೆತ್ತಿಯ ಮೇಲೆ ಇನ್ನೊಂದು ಚುಕ್ಕೆ ಕೂರಿಸಿದರೆ ಸೆಮಿಕೋಲನ್. ಉಡುಪಿಯ ಶಾಲೆಯಲ್ಲಿ ನಮ್ಮ ಇಂಗ್ಲಿಷ್ ಮಾಸ್ಟ್ರು ಇವೆರಡಕ್ಕೂ ಒಂದೇ ಸೂತ್ರ ಹೇಳಿಕೊಟ್ಟಿದ್ದರು: "ಉಸಿರು ಬಿಡುವಲ್ಲಿ ಕಾಮಾ ಹಾಕಿ. ನೀರು ಕುಡಿಯುವಲ್ಲಿ ಸೆಮಿಕೋಲನ್ ಹಾಕಿ." ಈ ಸೂತ್ರ ಕಟ್ಟಿಕೊಂಡು ನಾನು ಮುಂಬಯಿಗೆ ಬಂದೆ, ಫೋರ್ಟಿನ ಆಫೀಸೊಂದರಲ್ಲಿ ಗುಮಾಸ್ತನಾದೆ, ಡೊಂಬಿವಲಿಯಲ್ಲಿ ಮನೆ ಮಾಡಿದೆ. ಬೆಳಗಿನ ಡೊಂಬಿವಲಿ ಲೋಕಲ್ಲಿನಲ್ಲಿ ಹೋದವರಿಗೆ ಗೊತ್ತು, ಮುಂಬ್ರಾ ದಾಟುವ ಹೊತ್ತಿಗೆ ಎದೆಯ ಮೇಲೆ ಇನ್ನೊಬ್ಬರ ಮೊಣಕೈ ಇರುತ್ತದೆ, ಉಸಿರಿಗೆ ಜಾಗವಿರುವುದಿಲ್ಲ. ಗಾಡಿಯಲ್ಲಿ ತೆಗೆದುಕೊಳ್ಳಲಾಗದ ಉಸಿರನ್ನೆಲ್ಲ ನಾನು ಆಫೀಸಿನ ಪತ್ರಗಳಲ್ಲಿ ತೆಗೆದುಕೊಂಡೆ. ನನ್ನ ಡ್ರಾಫ್ಟು ನೋಡಿದರೆ ಒಗ್ಗರಣೆಯ ಸಾಸಿವೆ ಚೆಲ್ಲಿದ ಹಾಗೆ ಕಾಣುತ್ತಿತ್ತು. ಯಾರೂ ಕೇಳಲಿಲ್ಲ. ಹಾಗಾಗಿ ನನ್ನ ಇಂಗ್ಲಿಷ್ ಬಹಳ ಒಳ್ಳೆಯದು ಎಂದು ನಾನೂ ನಂಬಿದೆ, ನಿವೃತ್ತನಾದ ಮೇಲೆ ನಮ್ಮ ಹೌಸಿಂಗ್ ಸೊಸೈಟಿಯವರೂ ನಂಬಿ ನನ್ನನ್ನು ಸೆಕ್ರೆಟರಿ ಮಾಡಿದರು.

ನಮ್ಮ ಕಟ್ಟಡಕ್ಕೆ ಪಾರಿವಾಳಗಳ ಕಾಟ. ಅವುಗಳಿಗೆ ಕಾಳು ಹಾಕುವವರು ಯಾರೆಂದು ಎಲ್ಲರಿಗೂ ಗೊತ್ತು: ಮೂರನೆಯ ಮಹಡಿಯ ಮೆಹ್ತಾ ಭಾಯಿ. ಆದರೆ ಅವರ ಎದುರು ನಿಂತು ಹೇಳುವ ಧೈರ್ಯ ಯಾರಿಗೂ ಇಲ್ಲ. ಮೊದಲ ಮಹಡಿಯ ದೇಶಪಾಂಡೆ ಕಾಕು ಮಾತ್ರ ದಾರಿಯಲ್ಲಿ ಸಿಕ್ಕಾಗಲೆಲ್ಲ, "ರಾವ್, ಏನಾದರೂ ಮಾಡಿ" ಎನ್ನುತ್ತಿದ್ದರು. ಇಡೀ ಕಟ್ಟಡಕ್ಕೇ ಕಾಕು, ಅಂದರೆ ಚಿಕ್ಕಮ್ಮ, ಆಗಿದ್ದ ಅವರು ನಿವೃತ್ತ ಶಿಕ್ಷಕಿ, ನನ್ನ ಹೆಂಡತಿ ವಾಸಂತಿಗೆ ಸಂಜೆಯ ವಾಕಿಂಗಿನ ಜೊತೆ. ಒಂದು ದಿನ ನಾನು ಹುರುಪಿನಿಂದ ನೋಟಿಸು ಬರೆದು ಗೇಟಿನ ಬಳಿಯ ಬೋರ್ಡಿಗೆ ಅಂಟಿಸಿದೆ: 'ದಿ ಮೆಂಬರ್ಸ್, ಹೂ ಫೀಡ್ ಪಿಜನ್ಸ್, ಆರ್ ಸ್ಪಾಯ್ಲಿಂಗ್ ದಿ ಬಿಲ್ಡಿಂಗ್.' ಪಾರಿವಾಳಕ್ಕೆ ಕಾಳು ಹಾಕುವ ಸದಸ್ಯರು ಕಟ್ಟಡ ಹಾಳು ಮಾಡುತ್ತಿದ್ದಾರೆ ಎಂದು ನನ್ನ ಅರ್ಥ. ಎರಡು ಕಡೆ ಉಸಿರು ಬಿಟ್ಟಿದ್ದೆ, ಎರಡು ಕಾಮಾ ಹಾಕಿದ್ದೆ. ದೂರ ನಿಂತು ನೋಡಿದಾಗ ಹೈಕೋರ್ಟಿನ ಆದೇಶದ ಗಾಂಭೀರ್ಯವಿತ್ತು.

ಸಂಜೆ ಕಾಕು ವಾಕಿಂಗಿಗೆ ಬರಲಿಲ್ಲ. ಮರುದಿನವೂ ಇಲ್ಲ. ವಾಸಂತಿ ಹೋಗಿ ಬೆಲ್ ಮಾಡಿದರೆ ಬಾಗಿಲು ಅರ್ಧ ತೆರೆದು, "ನಿನ್ನ ಯಜಮಾನರನ್ನು ಕೇಳು" ಎಂದರಂತೆ. ಹೆಂಡತಿ ಸೊಂಟಕ್ಕೆ ಕೈ ಇಟ್ಟು ನನ್ನ ಮುಂದೆ ನಿಂತಳು. "ಏನು ಮಾಡಿದ್ರಿ ಮಾರಾಯ್ರೆ? ಈ ಊರಲ್ಲಿ ನಂಗೆ ಮನಸ್ಸು ಬಿಚ್ಚಿ ಮಾತಾಡ್ಲಿಕ್ಕೆ ಇರೋದು ಅವ್ರೊಬ್ರೇ." ಮಹಾಪೆಯ ಆಫೀಸಿನಿಂದ ಬಂದ ಮಗಳು ಮೊಬೈಲಿನಲ್ಲಿ ನೋಟಿಸಿನ ಫೋಟೋ ನೋಡಿ ನಕ್ಕಳು. ನಾವು ಕನ್ನಡದಲ್ಲಿ ಕೇಳಿದರೆ ಅವಳು ಹಿಂದಿಯಲ್ಲಿ ಉತ್ತರಿಸುವುದು ನಮ್ಮ ಮನೆಯ ಪದ್ಧತಿ. "ಪಪ್ಪಾ, ಆಪ್ ನೇ ತೋ ಸಬ್ ಕೋ ಫಸಾ ದಿಯಾ!" ಎಂದಳು, ನೀವು ಎಲ್ಲರನ್ನೂ ಸಿಕ್ಕಿಸಿಬಿಟ್ಟಿರಿ ಎಂದು. ಅದು ಹೇಗೆಂದು ಬಿಡಿಸಿ ಹೇಳುವ ಮೊದಲೇ ಅವಳಿಗೆ ಫೋನ್ ಬಂತು.

ಕಾಕುವಿನ ಹೆಸರು ಬೇರೆ ಮಾಡಿದರಾಯಿತು ಎಂದು ನಾನು ಕೆಳಗಿಳಿದು ಹೋಗಿ ನೋಟಿಸಿನ ಅಡಿಯಲ್ಲಿ ಪೆನ್ನಿನಿಂದ 'ಎಕ್ಸೆಪ್ಟ್ ದೇಶಪಾಂಡೆ ಮೇಡಂ' ಎಂದು ಬರೆದೆ. ಅಲ್ಲಿಂದ ಶುರುವಾಯಿತು ನೋಡಿ. ನೆಲಮಹಡಿಯ ಕುಲಕರ್ಣಿ ಬಂದು, "ಹಾಗಾದರೆ ನಾನು ಹಾಕ್ತೇನಾ?" ಎಂದರು. ಅವರ ಹೆಸರೂ ಸೇರಿಸಿದೆ. ಅವರನ್ನು ನೋಡಿ ಇನ್ನೊಬ್ಬರು, ಇನ್ನೊಬ್ಬರನ್ನು ನೋಡಿ ಮತ್ತೊಬ್ಬರು. ಹೆಸರುಗಳ ನಡುವೆ ಕಾಮಾ ಹಾಕುತ್ತಾ ಹೋದೆ. ಕಾಗದದ ಅಂಚು ಮುಟ್ಟಿದ ಮೇಲೆ ಪಕ್ಕದಲ್ಲಿ ಮೇಲಕ್ಕೆ ಬರೆಯುತ್ತಾ ಹೋದೆ. ಕೊನೆಗೆ ಇಡೀ ಕಟ್ಟಡ ನಿರ್ದೋಷಿಯಾಗಿ, ಹೆಸರಿಲ್ಲದೆ ಉಳಿದವರು ಇಬ್ಬರೇ: ಮೆಹ್ತಾ ಭಾಯಿ ಮತ್ತು, ನನ್ನ ಹೆಸರು ಬರೆಯಲು ಮರೆತದ್ದರಿಂದ, ನಾನು.

ಮೆಹ್ತಾ ಭಾಯಿ ಲಿಫ್ಟಿನಲ್ಲಿ ಸಿಕ್ಕಿ ಹೆಗಲ ಮೇಲೆ ಕೈ ಇಟ್ಟರು. "ಸೆಕ್ರೆಟರಿ ಸಾಹೇಬ್, ಆಪ್ ಭೀ ಖಿಲಾತೇ ಹೋ? ಬಹುತ್ ಅಚ್ಛಾ!" ಎಂದು ಸಂತೋಷಪಟ್ಟರು. ನೀವೂ ಕಾಳು ಹಾಕುತ್ತೀರಾ, ಪುಣ್ಯದ ಕೆಲಸ ಎನ್ನುವ ಧಾಟಿ. ಮನೆಯಲ್ಲಿ ಹೆಂಡತಿ ಮಾತು ನಿಲ್ಲಿಸಿದ್ದಳು. ಲಿಫ್ಟಿನಲ್ಲಿ ಈ ಹೊಸ ಸ್ನೇಹ. ಇನ್ನು ತಡೆಯಲಾರೆ ಎಂದು ನೋಟಿಸನ್ನು ಕಿತ್ತುಕೊಂಡು ಕಾಕುವಿನ ಬಾಗಿಲಿಗೆ ಹೋದೆ.

ಕಾಕು ಒಳಗೆ ಕರೆದರು. ಕಿಟಕಿಗಳಿಗೆಲ್ಲ ಬಲೆ ಬಿಗಿದಿತ್ತು. ಗೋಡೆಯ ಮೇಲೆ ತೀರಿಹೋದ ಯಜಮಾನರ ಫೋಟೋ. "ಅಹೋ ರಾವ್, ಇಂಗ್ಲಿಷಿನ 'ಹೂ' ಎಂದು ಶುರುವಾಗುವ ಮಾತಿನ ಆಚೆ ಈಚೆ ಕಾಮಾ ಹಾಕಿದರೆ ಏನರ್ಥ ಗೊತ್ತೇ? ಸದಸ್ಯರೆಲ್ಲರೂ ಕಾಳು ಹಾಕುತ್ತಾರೆ ಎಂದು. ಕಾಮಾ ತೆಗೆದರೆ, ಯಾರು ಹಾಕುತ್ತಾರೋ ಅವರು ಮಾತ್ರ." ನಾನು ನಗಲು ಹೊರಟೆ, ಇಷ್ಟು ಸಣ್ಣದಕ್ಕೆ ಇಷ್ಟೆಲ್ಲವೇ ಎಂದು. ಕಾಕು ನಗಲಿಲ್ಲ. "ಇವರಿಗೆ ಶ್ವಾಸಕೋಶ ಕೆಟ್ಟಾಗ ಡಾಕ್ಟರರು ಪಾರಿವಾಳದ ಹಿಕ್ಕೆಯ ಧೂಳು ಕಾರಣವಿರಬಹುದು ಎಂದಿದ್ದರು. ಅಡುಗೆಮನೆಯಿಂದ ಹಾಲ್‌ಗೆ ಬರಲು ಆಗುತ್ತಿರಲಿಲ್ಲ ಅವರಿಗೆ. ಆ ಹಕ್ಕಿಗೆ ನಾನು ಕಾಳು ಹಾಕುತ್ತೇನೆ ಎಂದು ನೀವು ಗೇಟಿನ ಮುಂದೆ ಅಂಟಿಸಿದ್ದೀರಿ."

ಅವರ ಅಂತ್ಯಕ್ರಿಯೆಗೆ ಹೋಗಿದ್ದೆ, ಕಾಯಿಲೆಯ ಕಾರಣ ಕೇಳಿರಲಿಲ್ಲ. "ತಪ್ಪಾಯಿತು ಕಾಕು. ನೀವೇ ಸರಿಮಾಡಿ ಕೊಡಿ" ಎಂದೆ. ಶಿಕ್ಷಕಿಯರ ಕೋಪಕ್ಕೆ ಇದಕ್ಕಿಂತ ಒಳ್ಳೆಯ ಔಷಧವಿಲ್ಲ. ಕಾಕು ಕನ್ನಡಕ ಹಾಕಿಕೊಂಡರು, ಕೆಂಪು ಪೆನ್ನು ತೆಗೆದರು. ಎರಡು ಕಾಮಾ ಹೋದವು. ನೋಟಿಸಿನ ತಲೆಗೆ 'ಡಿಯರ್ ಮೆಂಬರ್ಸ್' ಎಂದು ಬರೆದು ನಾನು ಸೆಮಿಕೋಲನ್ ಇಟ್ಟಿದ್ದೆ. ಅದಕ್ಕೆ ದೊಡ್ಡ ಸುತ್ತು ಬಿತ್ತು. "ಇದರ ಎರಡೂ ಕಡೆ ಸ್ವಂತ ಕಾಲಿನ ಮೇಲೆ ನಿಲ್ಲುವ ವಾಕ್ಯ ಇರಬೇಕು. ಹತ್ತಿರದ ಸಂಬಂಧವೂ ಇರಬೇಕು." ನನಗೆ ಥಟ್ಟನೆ ಅರ್ಥವಾಯಿತು: ಒಂದೇ ಕಟ್ಟಡದಲ್ಲಿ ಬೇರೆ ಬೇರೆ ಅಡುಗೆ ಮಾಡಿಕೊಂಡಿರುವ ಅಣ್ಣ ತಮ್ಮಂದಿರ ಹಾಗೆ. ಹಾಗೆಂದು ಹೇಳಿದಾಗ ಕಾಕು ಕೊನೆಗೂ ನಕ್ಕರು. "ಬರೋಬರ್" ಎಂದರು. ಅಷ್ಟರಲ್ಲಿ ಬಾಗಿಲಲ್ಲಿ ವಾಸಂತಿ ಚಪ್ಪಲಿ ಹಾಕಿಕೊಂಡು ನಿಂತಿದ್ದಳು. ಇಬ್ಬರೂ ನನ್ನನ್ನು ಅಲ್ಲೇ ಬಿಟ್ಟು ವಾಕಿಂಗಿಗೆ ಹೋದರು.

ಹೊಸ ನೋಟಿಸು ಓದಿದ ಮೆಹ್ತಾ ಭಾಯಿ, "ಅಬ್ ಯೇ ಸಿರ್ಫ್ ಮೇರೇ ಲಿಯೇ ಹೈ" ಎಂದು, ಈಗ ಇದು ತನ್ನೊಬ್ಬನಿಗೇ ಎಂದು, ಪೆಚ್ಚಾದರು. ತಿದ್ದಿದವರು ಕಾಕು ಎಂದು ತಿಳಿದು ಜಗಳಕ್ಕೆಂದೇ ಅವರ ಮನೆಗೆ ಹೋದವರು ಫೋಟೋದ ಕಥೆ ಕೇಳಿ ಬಹಳ ಹೊತ್ತು ಕೂತಿದ್ದು ಬಂದರಂತೆ. ಅಮ್ಮ ಹೋದ ಮೇಲೆ ಅಮ್ಮನ ನೆನಪಿಗೆಂದು ಕಾಳು ಹಾಕುತ್ತಿದ್ದರಂತೆ ಅವರು. ವಾರದೊಳಗೆ ಅವರ ಬಾಲ್ಕನಿಗೂ ಬಲೆ ಬಂತು. ಅಮ್ಮನ ಹೆಸರಿನಲ್ಲಿ ಈಗ ತುಳಸಿ ಬೆಳೆಸುತ್ತಿದ್ದಾರೆ.

ಮುಂದಿನ ಸಭೆಯಲ್ಲಿ ಕಾಕುವನ್ನು ಸೆಕ್ರೆಟರಿ ಮಾಡಬೇಕೆಂದು ಯಾರೋ ಸೂಚಿಸಿದರು. ನನ್ನ ಹೆಂಡತಿ ಎಲ್ಲರಿಗಿಂತ ಮೊದಲು ಕೈ ಎತ್ತಿದಳು. ನನಗೆ ನೋಟಿಸು ಅಂಟಿಸುವ ಕೆಲಸ ಕೊಟ್ಟಿದ್ದಾರೆ. ಇದರಲ್ಲಿ ವ್ಯಾಕರಣವಿಲ್ಲ ಎಂದು ನೆಮ್ಮದಿಯಿಂದಿದ್ದೆ. ನಿನ್ನೆ ನೀರಿನ ಟ್ಯಾಂಕು ತೊಳೆಯುವ ನೋಟಿಸು ಅಂಟಿಸಿ ತಿರುಗಿದರೆ ಕಾಕು ಹಿಂದೆಯೇ ನಿಂತು ಕನ್ನಡಕ ಸರಿಮಾಡಿಕೊಳ್ಳುತ್ತಿದ್ದರು.

"ರಾವ್," ಎಂದರು, "ತಲೆಕೆಳಗಾಗಿದೆ."